ಅರ್ಧ ಪುಟದ ಆಟಗಾರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಬರೀ ಅರ್ಧ ಪುಟ.

ಚಂದ್ರಮೋಹನ ಒಂದೇ ಸಲಕ್ಕೆ ಮೂರು ಪುಸ್ತಕ ಬರೆಯುತ್ತಿದ್ದ. ಟೆಕ್ಸಸ್ಸಿನಲ್ಲಿ ಹೊಸದಾಗಿ ಹುಟ್ಟಿದ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಆಡುವ ಅಮೆರಿಕನ್ ಶೈಲಿಯ ಒಂದು ಪುಟ್ಟ ಫುಟ್‌ಬಾಲ್ ಲೀಗು. ಅದರಲ್ಲಿ ಡಲ್ಲಾಸ್ ಬುಲ್‌ಡೋಜರ್ಸ್, ಹ್ಯೂಸ್ಟನ್ ಪೆಲಿಕನ್ಸ್, ಆಸ್ಟಿನ್ ಆರ್ಮಡಿಲೋಸ್ ಎಂಬ ಮೂರು ತಂಡಗಳು. ತಂಡಕ್ಕೊಂದು ಗೈಡು. ಯಾವ ಆಟಗಾರ ಯಾವ ಊರಿನವನು, ಎಷ್ಟು ತೂಕ, ಅವನು ಮೈಮೇಲೆ ಬಿದ್ದರೆ ಏನಾಗುತ್ತದೆ, ಮೈದಾನಕ್ಕೆ ಬಂದವರು ಕಾರು ಎಲ್ಲಿ ನಿಲ್ಲಿಸಬೇಕು, ಇದೆಲ್ಲ ಅಭಿಮಾನಿಗಳಿಗೆ ತಿಳಿಸುವ ಪುಸ್ತಕ. ಮೈಸೂರಿನ ಪತ್ರಿಕೆಯೊಂದರಲ್ಲಿ ಕಬಡ್ಡಿ, ಕುಸ್ತಿ, ಕ್ರಿಕೆಟ್ಟು ಬರೆದುಕೊಂಡಿದ್ದ ಚಂದ್ರಮೋಹನ, ಹೆಂಡತಿ ರಾಜಲಕ್ಷ್ಮಿಗೆ ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿ ಕೆಲಸ ಸಿಕ್ಕಿದಾಗ ಅವಳ ಜೊತೆ ಬಂದವನು. ಬಂದಂದಿನಿಂದ ‘ರಾಜಲಕ್ಷ್ಮಿ ಹಸ್ಬೆಂಡ್’ ಎನ್ನುವುದೇ ಅವನ ಹುದ್ದೆಯಾಗಿತ್ತು. ಆಸ್ಟಿನ್ನಿನ ಸಣ್ಣ ಪ್ರಕಾಶನವೊಂದರ ಸಂಪಾದಕಿ ಮಾರ್ಗರೆಟ್ ಈ ಮೂರು ಪುಸ್ತಕಗಳನ್ನು ವಹಿಸಿದ ಮೇಲೆ, ಯಾರಾದರೂ “ಏನ್ ಮಾಡ್ಕೊಂಡಿದೀರಾ?” ಎಂದು ಕೇಳಿದರೆ ಅವನ ಎದೆ ತಾನಾಗಿಯೇ ಒಂದಂಗುಲ ಮುಂದೆ ಬರುತ್ತಿತ್ತು.

ಆದರೆ ಮೂರು ಪುಸ್ತಕಗಳೆಂದರೆ ಮೂರು ಒಲೆಯ ಮೇಲಿಟ್ಟ ಹಾಲು. ಡಲ್ಲಾಸಿನದನ್ನು ನೋಡಲು ಹೋದರೆ ಹ್ಯೂಸ್ಟನ್ನಿನದು ಉಕ್ಕುತ್ತಿತ್ತು. ಹ್ಯೂಸ್ಟನ್ನಿನದಕ್ಕೆ ಓಡಿದರೆ ಆಸ್ಟಿನ್ನಿನದು ತಳ ಹಿಡಿಯುತ್ತಿತ್ತು. ಡಲ್ಲಾಸ್ ಪುಸ್ತಕ ಅಚ್ಚಿಗೆ ಹೋಗಬೇಕಾದ ದಿನ, ಒಬ್ಬ ಆಟಗಾರ ಮಾವನ ಟೈರ್ ಅಂಗಡಿ ನೋಡಿಕೊಳ್ಳುತ್ತೇನೆಂದು ತಂಡ ಬಿಟ್ಟು ಹೋಗಿಬಿಟ್ಟ. ಅವನ ವಿವರ ತೆಗೆದ ಜಾಗದಲ್ಲಿ ಅರ್ಧ ಪುಟ ಬೋಳಾಗಿ ಉಳಿಯಿತು. ಖಾಲಿ ಜಾಗ ನೋಡಿದರೆ ಚಂದ್ರಮೋಹನನಿಗೆ ಕೈ ಕಡಿಯುತ್ತದೆ. ಸದ್ಯಕ್ಕೆ ಏನಾದರೂ ಇರಲಿ, ಆಮೇಲೆ ಬದಲಾಯಿಸೋಣ ಎಂದು ತಮಾಷೆಗೆ ತಾನೇ ಒಬ್ಬ ಆಟಗಾರನನ್ನು ಹುಟ್ಟಿಸಿದ.

‘ವೆಂಕಣ್ಣ ಬಂಡಿಹಾಳ. ಊರು ಭಾರತದ ಗದಗ. ಎತ್ತರ ಆರೂವರೆ ಅಡಿ. ಕಬಡ್ಡಿಯಲ್ಲಿ ಪಳಗಿದ ಪೈಲ್ವಾನ. ಇವನು ನುಗ್ಗಿ ಬಂದರೆ ಎದುರಾಳಿಗಳು ದಾರಿ ಬಿಡುತ್ತಾರೆ. ಬಿಡದವರು ತಾವೇ ದಾರಿಯಾಗುತ್ತಾರೆ.’

ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡ ಯಾರದೋ ಒಂದು ಫೋಟೋ ಅಂಟಿಸಿದ. ಅಷ್ಟರಲ್ಲಿ ಹ್ಯೂಸ್ಟನ್ನಿನ ಹಾಲು ಉಕ್ಕಿತು. ಅವನು ಆ ಕಡೆ ಓಡಿದ, ವೆಂಕಣ್ಣನನ್ನು ಮರೆತ. ಅಚ್ಚಿನ ಯಂತ್ರ ಮರೆಯಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದವರು ಪಕ್ಕದ ಮನೆಯ ಲಲಿತಮ್ಮ. ಪ್ಲೇನೋದ ಕನ್ನಡ ಮನೆಗಳ ಸುದ್ದಿಯೆಲ್ಲ ಅವರ ಅಡುಗೆಮನೆಯ ಮೂಲಕವೇ ಹಾದುಹೋಗಬೇಕು. ಅವರ ಕೈಯಲ್ಲಿ ಡಲ್ಲಾಸ್ ಬುಲ್‌ಡೋಜರ್ಸ್ ಗೈಡು ಇತ್ತು.

“ಚಂದ್ರು, ನಿನ್ನನ್ನ ನಾನು ಒಡಹುಟ್ಟಿದ ತಮ್ಮ ಅಂದ್ಕೊಂಡಿದ್ದೆ,” ಎಂದರು ಲಲಿತಮ್ಮ, ಚಪ್ಪಲಿ ಬಿಡುತ್ತಾ. “ನಮ್ಮ ಕಡೆ ಹುಡುಗ ಒಬ್ಬ ಆ ಟೀಮಲ್ಲಿದಾನೆ ಅಂತ ಒಂದು ಮಾತು ಹೇಳ್ಬಾರದಿತ್ತಾ? ಅಂಗಡೀಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟಿದ್ದ ಪುಸ್ತಕ ನೋಡಿ ನಂಗೆ ಗೊತ್ತಾಗ್ಬೇಕಾ?”

ಅವರು ಬೆರಳಿಟ್ಟ ಪುಟವನ್ನು ನೋಡಿದ ಚಂದ್ರಮೋಹನನ ಬಾಯಲ್ಲಿದ್ದ ಕಾಫಿ ಮುಂದೆ ಹೋಗಲೂ ಇಲ್ಲ, ಹಿಂದೆ ಬರಲೂ ಇಲ್ಲ.

“ಆಂಟಿ, ಅದು ಹಾಗಲ್ಲ,” ಎಂದ ಕಷ್ಟಪಟ್ಟು ನುಂಗಿಕೊಂಡು. “ಆ ವೆಂಕಣ್ಣ ಅನ್ನೋನು...”

“ಗದಗದವನು. ಓದ್ದೆ. ವಾಟ್ಸಾಪ್ ಗ್ರೂಪಲ್ಲೂ ಹಾಕ್ದೆ. ಪಕ್ಕದೂರು ಲೂಯಿಸ್‌ವಿಲ್ ಅರವಿಂದನಿಗೆ ಅವನು ಚೆನ್ನಾಗಿ ಗೊತ್ತಂತೆ.”

“ಗೊತ್ತಂತಾ?”

“ಹೋದ್ವರ್ಷ ಫ್ಲೈಟಲ್ಲಿ ಪಕ್ಕದಲ್ಲೇ ಕೂತಿದ್ನಂತೆ. ಪಾಪ, ಒಂದು ಸೀಟು ಸಾಲ್ತಾ ಇರ್ಲಿಲ್ವಂತೆ ಅವನಿಗೆ. ಅರವಿಂದನೇ ಸ್ವಲ್ಪ ಜರುಗಿ ಜಾಗ ಕೊಟ್ನಂತೆ.”

ಚಂದ್ರಮೋಹನ ಫೋನು ತೆಗೆದು ನೋಡಿದ. ಕನ್ನಡ ಗ್ರೂಪು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್‌ಗುಡುತ್ತಿತ್ತು. ವೆಂಕಣ್ಣನ ತಾಯಿಯ ಹೆಸರು ಗೋದಾವರಿ ಎಂದು ಒಬ್ಬರು, ಅಲ್ಲ, ಗೋದಾವರಿ ಅವನ ಸೋದರತ್ತೆ ಎಂದು ಇನ್ನೊಬ್ಬರು ಜಗಳಕ್ಕೆ ನಿಂತಿದ್ದರು. ಮತ್ತೊಬ್ಬರು ಅವನಿಗೆ ಹೆಣ್ಣು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿದ್ದರು.

“ಇವತ್ತು ಅಭಿಮಾನಿಗಳ ದಿನ ಅಂತಲ್ಲ,” ಎಂದರು ಲಲಿತಮ್ಮ. “ಯಾರು ಬೇಕಾದ್ರೂ ಗ್ರೌಂಡಿಗೆ ಹೋಗಿ ಆಟಗಾರರನ್ನ ಮಾತಾಡಿಸ್ಬಹುದಂತೆ. ಹುಡುಗನಿಗೆ ಒಂದು ಸನ್ಮಾನ ಮಾಡ್ಬಿಡೋಣ. ಶಾಲು, ಹಣ್ಣು, ಚಕ್ಕುಲಿ ಎಲ್ಲಾ ರೆಡಿ. ನೀನು ಜೊತೇಲಿದ್ರೆ ಒಳಗಡೆ ಬಿಡ್ತಾರೆ. ಬೇಗ ಸ್ನಾನ ಮಾಡು.”

ಅವರು ಹೋದ ಮೇಲೆ ಚಂದ್ರಮೋಹನ ಎಲ್ಲವನ್ನೂ ಹೆಂಡತಿಯ ಮುಂದೆ ಕಕ್ಕಿದ. ರಾಜಲಕ್ಷ್ಮಿ ಮೊದಲು ನಕ್ಕಳು. ಆಮೇಲೆ ಸೋಫಾದ ಮೇಲೆ ಕುಳಿತುಕೊಂಡು ಸರಿಯಾಗಿ ನಕ್ಕಳು.

“ಮಾರ್ಗರೆಟ್‌ಗೆ ಫೋನ್ ಮಾಡಿ ನಿಜ ಹೇಳ್ಬಿಡಿ,” ಎಂದಳು ಕಣ್ಣೊರೆಸಿಕೊಳ್ಳುತ್ತಾ.

ಅವನು ಮಾಡುವ ಮೊದಲೇ ಮಾರ್ಗರೆಟ್ ಫೋನು ಬಂತು.

“ಹ್ಯೂಸ್ಟನ್ ಪುಸ್ತಕ ಸಂಜೆಯೊಳಗೆ ಕೈಗೆ ಬರಬೇಕು,” ಎಂದಳು ಅವಳು ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ. “ಆಸ್ಟಿನ್ನಿನದು ನಾಳೆಗೆ. ಅಂದ ಹಾಗೆ ಡಲ್ಲಾಸ್ ಪುಸ್ತಕದಲ್ಲಿ ಆ ವೆಂಕಣ್ಣನ ಬಗ್ಗೆ ಬರೆದಿದ್ದೀರಲ್ಲ, ಇಡೀ ಪುಸ್ತಕದಲ್ಲಿ ಜೀವ ಇರೋದು ಅಲ್ಲೊಂದೇ ಕಡೆ. ಉಳಿದವರನ್ನೂ ಹಾಗೇ ಕಣ್ಣಾರೆ ಕಂಡು ಬರೆಯಿರಿ.”

“ಮಾರ್ಗರೆಟ್, ಅವನ ವಿಷಯದಲ್ಲಿ ಒಂದು ಮಾತು...”

“ಸಂಜೆ,” ಎಂದು ಅವಳು ಇಟ್ಟುಬಿಟ್ಟಳು.

ತಂಡದವರಿಗೇ ನೇರವಾಗಿ ಹೇಳಿ ತಪ್ಪೊಪ್ಪಿಕೊಳ್ಳುವುದೆಂದು ಚಂದ್ರಮೋಹನ ತೀರ್ಮಾನಿಸಿದ. ರಾಜಲಕ್ಷ್ಮಿ ಕಾರು ಓಡಿಸಿದಳು. ಅವನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹ್ಯೂಸ್ಟನ್ನಿನ ಆಟಗಾರರ ಸೊಂಟದ ಸುತ್ತಳತೆ ತಿದ್ದುತ್ತಿದ್ದ. ಹಿಂದಿನ ಸೀಟಿನಲ್ಲಿ ಲಲಿತಮ್ಮ ಹಣ್ಣಿನ ತಟ್ಟೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡಿದ್ದರು. ಪ್ರತಿ ತಿರುವಿನಲ್ಲೂ ಒಂದು ಕಿತ್ತಳೆ ಹಣ್ಣು ಉರುಳಿ ಬಂದು ಚಂದ್ರಮೋಹನನ ಹಿಮ್ಮಡಿಗೆ ತಾಗುತ್ತಿತ್ತು.

ಮೈದಾನದ ಗೇಟಿನಲ್ಲಿ ಆಗಲೇ ಕನ್ನಡದವರ ದಂಡು ನೆರೆದಿತ್ತು. ಯಾರೋ ಕೆಂಪು ಹಳದಿ ಬಾವುಟವನ್ನೂ ತಂದಿದ್ದರು. ಚಂದ್ರಮೋಹನ ಅವರ ಕಣ್ಣು ತಪ್ಪಿಸಿ ತಂಡದ ಪ್ರಚಾರ ನೋಡಿಕೊಳ್ಳುವ ಬ್ರೆಂಡಾಳನ್ನು ಹುಡುಕಿ ಹಿಡಿದ. ಅವಳು ಕಾಗದದ ಕಟ್ಟೊಂದನ್ನು ಎದೆಗವಚಿಕೊಂಡು, ಕೋಳಿ ಕಳೆದುಕೊಂಡವಳ ಹಾಗೆ ಅತ್ತಿತ್ತ ನೋಡುತ್ತಿದ್ದಳು.

“ಬ್ರೆಂಡಾ, ವೆಂಕಣ್ಣನ ವಿಷಯದಲ್ಲಿ ಒಂದು ದೊಡ್ಡ ತಪ್ಪಾಗಿದೆ,” ಎಂದ.

ಬ್ರೆಂಡಾಳ ಮುಖ ಬೆಳ್ಳಗಾಯಿತು. ಅವನ ತೋಳು ಹಿಡಿದು ತಂಪುಪಾನೀಯದ ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದಳು.

“ಮೆಲ್ಲಗೆ ಮಾತಾಡಿ. ನಿಮಗೆ ಹೇಗೆ ಗೊತ್ತಾಯಿತು? ಬೆಳಗಿನಿಂದ ಜನ ಅವನನ್ನು ಕೇಳಿಕೊಂಡು ಫೋನ್ ಮಾಡ್ತಿದ್ದಾರೆ. ನಾನು ಅವನ ಕಾಗದಪತ್ರ ಎಲ್ಲೋ ಕಳೆದುಬಿಟ್ಟಿದ್ದೀನಿ. ಒಂದು ಹಾಳೆಯೂ ಸಿಕ್ತಿಲ್ಲ. ಮಾಲೀಕರಿಗೆ ಗೊತ್ತಾದರೆ ನಾನು ಮನೆಗೆ ಹೋಗಬೇಕಾಗುತ್ತೆ.”

“ಕಾಗದಪತ್ರ ಅಲ್ಲ, ಅವನೇ ಇಲ್ಲ.”

“ಹೌದು, ಈಗ ಇಲ್ಲ. ಕೋಚ್ ಹತ್ತಿರ ಇರ್ತಾನೆ, ಅವರಿಗೆ ಗೊತ್ತಿರುತ್ತೆ. ದಯವಿಟ್ಟು ನನ್ನ ವಿಷಯ ಯಾರಿಗೂ ಹೇಳಬೇಡಿ,” ಎಂದು ಅವಳು ಅವನ ಕೈ ಅದುಮಿ ಓಡಿಹೋದಳು.

ಕೋಚ್ ಆರಡಿ ಎತ್ತರದ, ಬೀಗ ಹಾಕಿದ ಬಾಗಿಲಿನಂಥ ಮುಖದ ಮನುಷ್ಯ. ಅಲ್ಲಿ ಬ್ರೆಂಡಾಳ ಗುಟ್ಟು ಬಿಟ್ಟುಕೊಡದೆ ನಿಜ ಹೇಳಬೇಕಲ್ಲ ಎಂದು ಚಂದ್ರಮೋಹನ ಮಾತು ಜೋಡಿಸಿಕೊಂಡು, “ನಿಮಗೆ ವೆಂಕಣ್ಣ ಅನ್ನುವವನು ಯಾರಾದರೂ...” ಎಂದು ಶುರು ಮಾಡಿದ.

ಕೋಚ್ ಒಂದು ಗಳಿಗೆ ಆಕಾಶ ನೋಡಿದ. ತಂಡ ಹೊಸದು. ತಲೆಯ ಮೇಲೆಲ್ಲ ಹೆಲ್ಮೆಟ್ಟು. ಯಾರು ಯಾರೆಂದು ಅವನಿಗೂ ಇನ್ನೂ ಗೊತ್ತಾಗಿರಲಿಲ್ಲ. ಆದರೆ ಆರೂವರೆ ಅಡಿಯ ಆಟಗಾರನೊಬ್ಬ ತನ್ನ ತಂಡದಲ್ಲಿರುವುದು ತನಗೇ ಗೊತ್ತಿಲ್ಲ ಎಂದು ಪುಸ್ತಕ ಬರೆಯುವವನ ಮುಂದೆ ಯಾವ ಕೋಚ್ ತಾನೇ ಹೇಳಿಯಾನು?

“ವೆಂಕಿ,” ಎಂದ ಕೋಚ್ ಗಂಭೀರವಾಗಿ. “ಒಳ್ಳೇ ಹುಡುಗ. ಶ್ರಮಜೀವಿ. ಮಾತು ಕಡಿಮೆ. ಮಂಡಿ ಸ್ವಲ್ಪ ನೋವು ಅಂದ, ವಿಶ್ರಾಂತಿ ಕೊಟ್ಟಿದ್ದೀನಿ.”

ಚಂದ್ರಮೋಹನ ಮೈದಾನದ ಅಂಚಿಗೆ ಬರುವಷ್ಟರಲ್ಲಿ ಲಲಿತಮ್ಮ ಇದ್ದವರಲ್ಲೇ ದಪ್ಪನೆಯ ಆಟಗಾರನನ್ನು ಹಿಡಿದು ಶಾಲು ಹೊದಿಸಿಬಿಟ್ಟಿದ್ದರು. ಅವನು ಟೋಬಿ, ಟೆಕ್ಸಸ್ಸಿನ ಪಶ್ಚಿಮದ ಹುಡುಗ, ಅದೇ ವಾರ ತಂಡ ಸೇರಿದವನು. ಬಾಯಲ್ಲಿ ಆಗಲೇ ಒಂದು ಚಕ್ಕುಲಿ ಇತ್ತು.

“ಅಮ್ಮಾ, ನನ್ನ ಹೆಸರು ಟೋಬಿ,” ಎನ್ನುತ್ತಿದ್ದ ಅವನು ಇಂಗ್ಲಿಷಿನಲ್ಲಿ, ವಿನಯದಿಂದ.

“ನೋಡಿದ್ಯಾ, ಎಂಥಾ ಸಂಕೋಚ,” ಎಂದರು ಲಲಿತಮ್ಮ.

ಲೂಯಿಸ್‌ವಿಲ್‌ನ ಅರವಿಂದ ಮುಂದೆ ಬಂದು ಪರೀಕ್ಷಕನ ಹಾಗೆ ಟೋಬಿಯನ್ನು ಮೇಲಿಂದ ಕೆಳಗಿನವರೆಗೂ ನೋಡಿದ. “ಇವನಲ್ಲ ಆಂಟಿ. ಫ್ಲೈಟಲ್ಲಿ ಕೂತಿದ್ದೋನು ಇನ್ನೂ ಅಗಲ ಇದ್ದ.”

“ವೆಂಕಣ್ಣ ಗೊತ್ತೇನಪ್ಪಾ ನಿನಗೆ? ವೆಂಕಣ್ಣ?” ಎಂದು ಲಲಿತಮ್ಮ ಪುಸ್ತಕ ತೋರಿಸಿದರು.

ಟೋಬಿ ಫೋಟೋ ನೋಡಿದ. ಹೊಸಬನಾದ ಅವನಿಗೆ ತಂಡದಲ್ಲಿ ಯಾರ ಹೆಸರೂ ಬಾಯಿಗೆ ಬರುತ್ತಿರಲಿಲ್ಲ, ಅದೇ ಅವನಿಗೆ ದೊಡ್ಡ ಅಂಜಿಕೆಯಾಗಿತ್ತು. “ಓ, ವೆಂಕಿ,” ಎಂದ ಮುಖವರಳಿಸಿ. “ಗೊತ್ತಿಲ್ಲದೆ ಏನು. ತುಂಬಾ ಒಳ್ಳೆಯವನು. ನಿನ್ನೆ ತಾನೆ ಒಟ್ಟಿಗೆ ಊಟ ಮಾಡಿದೆವು. ಈ ಶಾಲು ಅವನಿಗೆ ತಲುಪಿಸ್ತೀನಿ.” ಚಕ್ಕುಲಿ ತಲುಪಿಸುವ ಮಾತನ್ನು ಮಾತ್ರ ಅವನು ಎತ್ತಲಿಲ್ಲ.

ಜನರೆಲ್ಲ ಚಪ್ಪಾಳೆ ತಟ್ಟಿದರು. ಒಂದು ಗಳಿಗೆ ಚಂದ್ರಮೋಹನನಿಗೇ ಅನುಮಾನ ಬಂತು. ನಿಜವಾಗಿಯೂ ವೆಂಕಣ್ಣ ಎಂಬುವನೊಬ್ಬ ಇದ್ದು, ತನಗೊಬ್ಬನಿಗೇ ಗೊತ್ತಿಲ್ಲದೆ ಹೋಗಿದೆಯೇ? ಅವನು ಹುಲ್ಲಿನ ಮೇಲೆ ಕುಕ್ಕರಿಸಿದ. ಊಟದ ಹೊತ್ತು ಮೀರಿದ ಮೇಲೂ ಕನ್ನಡದವರು ಕದಲಲಿಲ್ಲ. ವೆಂಕಣ್ಣನನ್ನು ಕಾಣದೆ ಹೋಗುವುದಿಲ್ಲವೆಂದು ಒಕ್ಕೊರಲಿನಿಂದ ಅವನ ಹೆಸರು ಕೂಗತೊಡಗಿದರು. ಏನೂ ಅರಿಯದ ಅಮೆರಿಕನ್ನರೂ ಇದೇನೋ ಚೆನ್ನಾಗಿದೆಯೆಂದು ದನಿ ಸೇರಿಸಿದರು. ಇಡೀ ಮೈದಾನ “ವೆಂಕನಾ, ವೆಂಕನಾ” ಎನ್ನುತ್ತಿತ್ತು.

ರಾಜಲಕ್ಷ್ಮಿ ಬಂದು ಗಂಡನ ಪಕ್ಕ ಕುಳಿತಳು. “ಮೈಕ್ ಹತ್ರ ಹೋಗಿ ಹೇಳ್ಬಿಡಿ. ಹೆಚ್ಚೂ ಅಂದ್ರೆ ಏನಾಗುತ್ತೆ? ಬರೆಯೋ ಕೆಲಸ ಹೋಗುತ್ತೆ. ಮತ್ತೆ ನನ್ನ ಗಂಡ ಆಗ್ತೀರ, ಅಷ್ಟೇ ತಾನೆ?”

ಅವಳು ಹಾಗೆಂದದ್ದು ತಮಾಷೆಗೆ. ಆದರೆ ಚಂದ್ರಮೋಹನನಿಗೆ ಅದು ನಾಟಿತು. ಒಂದು ಪುಸ್ತಕದ ಮೇಲೆ ಅಚ್ಚಾಗಿದ್ದ, ಇನ್ನೆರಡರ ಮೇಲೆ ಅಚ್ಚಾಗಬೇಕಿದ್ದ ತನ್ನ ಹೆಸರನ್ನು ಅವನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಎದ್ದು, ಪ್ಯಾಂಟಿಗೆ ಅಂಟಿದ ಹುಲ್ಲು ಕೊಡವಿಕೊಂಡು ವೇದಿಕೆಯ ಕಡೆ ನಡೆದ.

ಅವನು ಮೆಟ್ಟಿಲು ಹತ್ತುವಾಗಲೇ ತಂಡದ ಮಾಲೀಕ ಮೈಕು ಹಿಡಿದ. ದೊಡ್ಡ ಟೋಪಿಯ ಆ ಮುದುಕ ಬೆಳಗಿನಿಂದ ವೆಂಕಣ್ಣ ಎಲ್ಲಿ, ವೆಂಕಣ್ಣ ಎಲ್ಲಿ ಎಂಬ ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿದ್ದ. ತನ್ನ ಆಟಗಾರ ಎಲ್ಲಿದ್ದಾನೆಂದು ತನಗೇ ಗೊತ್ತಿಲ್ಲ ಎಂದು ಹೇಳುವುದಕ್ಕಿಂತ ಸುಲಭದ ದಾರಿಯೊಂದನ್ನು ಅವನು ಕಂಡುಕೊಂಡಿದ್ದ.

“ಅಭಿಮಾನಿಗಳೇ,” ಎಂದ ಅವನು ಟೋಪಿ ತೆಗೆದು. “ಭಾರವಾದ ಮನಸ್ಸಿನಿಂದ ತಿಳಿಸುತ್ತಿದ್ದೇನೆ. ನಮ್ಮ ಹೆಮ್ಮೆಯ ವೆಂಕಣ್ಣ ಬಂಡಿಹಾಳ ಅವರನ್ನು ಇಂದು ಬೆಳಿಗ್ಗೆ ಹ್ಯೂಸ್ಟನ್ ಪೆಲಿಕನ್ಸ್ ತಂಡಕ್ಕೆ ಬಿಟ್ಟುಕೊಟ್ಟಿದ್ದೇವೆ. ಬದಲಿಗೆ ಅವರು ಚೆಂಡು ಒದೆಯುವ ತಮ್ಮ ಅತ್ಯುತ್ತಮ ಕಿಕ್ಕರ್‌ನನ್ನು ನಮಗೆ ಕೊಟ್ಟಿದ್ದಾರೆ.”

ಹ್ಯೂಸ್ಟನ್ನಿನವರು ಗೈಡಿನಲ್ಲಿ ವೆಂಕಣ್ಣನ ವಿವರ ಓದಿ, ಎರಡನೆಯ ಮಾತಿಲ್ಲದೆ ಒಪ್ಪಿಕೊಂಡಿದ್ದರು. ಇಲ್ಲದ ಆಟಗಾರನನ್ನು ಕೊಟ್ಟು ಇರುವ ಆಟಗಾರನನ್ನು ಪಡೆದ ಮಾಲೀಕ ಸಂತೋಷದಿಂದ ಟೋಪಿ ಮತ್ತೆ ಹಾಕಿಕೊಂಡ. ಬ್ರೆಂಡಾ ಗಾಡಿಯ ಹಿಂದೆ ನಿಂತು ಕಣ್ಣೀರೊರೆಸಿಕೊಂಡಳು. ಕೋಚ್ ಮಾತ್ರ “ಮಂಡಿ ಜೋಪಾನ ಅಂತ ಅವರಿಗೆ ಹೇಳಬೇಕಿತ್ತು” ಎಂದು ಗೊಣಗಿದ.

ಲಲಿತಮ್ಮನ ಮುಖ ಒಂದು ಕ್ಷಣ ಬಾಡಿತು. ಮರುಕ್ಷಣವೇ ಅವರು ಅರವಿಂದನ ಕಡೆ ತಿರುಗಿ, “ಹ್ಯೂಸ್ಟನ್‌ಗೆ ಒಂದು ಬಸ್ಸು ಮಾಡಿದ್ರೆ ಎಷ್ಟು ಜನ ಆಗ್ತೀವಿ ನೋಡು,” ಎಂದರು.

ಚಂದ್ರಮೋಹನ ಹತ್ತಿದ ಮೆಟ್ಟಿಲುಗಳನ್ನು ಸದ್ದಿಲ್ಲದೆ ಇಳಿದ. ಡಲ್ಲಾಸ್ ಕೈತೊಳೆದುಕೊಂಡಿತ್ತು. ಇನ್ನು ಹ್ಯೂಸ್ಟನ್ನಿನವರು ವೆಂಕಣ್ಣ ಬರಲಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ಇಳಿದುಹೋದ ಎಂದುಕೊಳ್ಳುತ್ತಾರೆ. ಬೆಳಗಿನಿಂದ ಮೊದಲ ಸಲ ಅವನಿಗೆ ಹಸಿವಾಯಿತು. ಲಲಿತಮ್ಮನ ತಟ್ಟೆಯಿಂದ ಒಂದು ಬಾಳೆಹಣ್ಣು ಕಿತ್ತು ಬಾಯಿಗಿಟ್ಟುಕೊಳ್ಳುವಾಗ ಮಾರ್ಗರೆಟ್ ಫೋನು ಬಂತು.

“ಸುದ್ದಿ ಕೇಳಿದ್ರಲ್ಲ,” ಎಂದಳು. “ಹ್ಯೂಸ್ಟನ್ ಪುಸ್ತಕಕ್ಕೆ ಇನ್ನೆರಡು ಪುಟ ಸೇರಿಸಿ. ವೆಂಕಣ್ಣನ ಸಂದರ್ಶನ. ಅವನನ್ನು ಹತ್ತಿರದಿಂದ ಬಲ್ಲವರು ನೀವೊಬ್ಬರೇ. ಸಂಜೆಯ ಗಡುವು ಹಾಗೇ ಇರುತ್ತೆ.”

ಚಂದ್ರಮೋಹನ ಕಾರಿನಲ್ಲಿ ಕುಳಿತು ಎ.ಸಿ. ಹಾಕಿಸಿಕೊಂಡು ಲ್ಯಾಪ್‌ಟಾಪ್ ತೆರೆದ. ಪ್ರಶ್ನೆಯನ್ನೂ ತಾನೇ ಕೇಳಿದ, ಉತ್ತರವನ್ನೂ ತಾನೇ ಕೊಟ್ಟ. ಮೊದಮೊದಲು ಬರೆದದ್ದನ್ನೆಲ್ಲ ಅಳಿಸಿದ. ಆಮೇಲೆ ಲಹರಿ ಹತ್ತಿತು. ಅವನು ಭೇಟಿ ಮಾಡಿದ ನಿಜವಾದ ಆಟಗಾರರೆಲ್ಲ “ತಂಡದ ಗೆಲುವೇ ಮುಖ್ಯ” ಎಂಬ ಒಂದೇ ವಾಕ್ಯವನ್ನು ಅಗಿಯುತ್ತಿದ್ದವರು. ವೆಂಕಣ್ಣನಾದರೋ ಎದುರಾಳಿಯ ಕಾಲಿನ ಹೆಬ್ಬೆರಳು ನೋಡಿ ಅವನು ಯಾವ ಕಡೆ ಓಡುತ್ತಾನೆಂದು ಹೇಳಬಲ್ಲವನಾಗಿದ್ದ, ಸೋತವರನ್ನು ಎತ್ತಿ ನಿಲ್ಲಿಸಿ ಬೆನ್ನು ತಟ್ಟುವವನಾಗಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಇಡೀ ಪುಸ್ತಕ ಆಸ್ಟಿನ್ನಿಗೆ ಹೋಯಿತು. ಮಾರ್ಗರೆಟ್ ‘ಅದ್ಭುತ’ ಎಂದು ಒಂದೇ ಪದದ ಉತ್ತರ ಕಳಿಸಿದಳು. ಚಂದ್ರಮೋಹನ ಸೀಟಿಗೊರಗಿ ನಕ್ಕ. ರಾಜಲಕ್ಷ್ಮಿಯೂ ನಕ್ಕು ಕಾರನ್ನು ಮೆಲ್ಲಗೆ ಗೇಟಿನ ಕಡೆ ಹೊರಳಿಸಿದಳು. ಇನ್ನು ಲಲಿತಮ್ಮ ಬಂದು ಹತ್ತಿದರೆ ಹೊರಡುವುದಷ್ಟೆ.

ಆಗ ಕಾರಿನ ಸ್ಪೀಕರಿನಲ್ಲಿ ಅವನ ಫೋನು ರಿಂಗಾಯಿತು. ಹ್ಯೂಸ್ಟನ್ನಿನ ಯಾವುದೋ ನಂಬರು.

“ನಮಸ್ಕಾರ್ರಿ ಸರ್. ಪುಸ್ತಕ ಬರಿಯೋ ಚಂದ್ರಮೋಹನ ಅವರೇನ್ರಿ? ನಾ ವೆಂಕಣ್ಣ ಬಂಡಿಹಾಳ ಮಾತಾಡಾಕತ್ತೀನ್ರಿ.”

ರಾಜಲಕ್ಷ್ಮಿಯ ಕಾಲು ಬ್ರೇಕಿನ ಮೇಲೆ ಹೋಯಿತು.

“ಯಾರು?” ಎಂದ ಚಂದ್ರಮೋಹನ.

“ವೆಂಕಣ್ಣರಿ. ಇಲ್ಲೇ ಹ್ಯೂಸ್ಟನ್‌ದಾಗ ಸೊಳ್ಳಿ ಮ್ಯಾಲೆ ಪಿಎಚ್‌ಡಿ ಮಾಡಾಕತ್ತೀನ್ರಿ. ಮಧ್ಯಾಹ್ನ ಲ್ಯಾಬಿಗೆ ಇಬ್ಬರು ಬಂದಿದ್ರರಿ, ಒಬ್ಬೊಬ್ರು ಬಾಗಲದಷ್ಟು ಅಗಲ. ಡಲ್ಲಾಸಿನವ್ರು ನನ್ನ ಫೋನ್ ನಂಬರ ಕೊಡಲಿಲ್ಲಂತ, ಇವ್ರ ಇಂಟರ್ನೆಟ್ಟಿನ್ಯಾಗ ಹೆಸರ ಹುಡಿಕ್ಯಾರ. ಈ ಊರಾಗ ಆ ಹೆಸರಿನಾಂವ ನಾ ಒಬ್ಬನ ಇದ್ದೀನಂತ್ರಿ. ಬಾ ಅಂದ್ರು. ಅಷ್ಟು ದೊಡ್ಡ ಮಂದಿಗೆ ಇಲ್ಲ ಅನ್ನಾಕ ಧೈರ್ಯ ಆಗಲಿಲ್ಲ, ಹೋದ್ನಿರಿ.”

“ನಿಮ್ಮ ತೂಕ ಎಷ್ಟು?” ಎಂದು ಚಂದ್ರಮೋಹನ ಮೆಲ್ಲಗೆ ಕೇಳಿದ.

“ಐವತ್ತೆಂಟು ಕೆಜಿರಿ. ಉಂಡ ಮ್ಯಾಲೆ.”

“ಅವರಿಗೆ ಅನುಮಾನ ಬರಲಿಲ್ವಾ?”

“ಬಂತಲ್ರಿ. ನಿಮ್ಮ ಪುಸ್ತಕ ತಗದು ಓದಿದ್ರು. ನನ್ನ ನೋಡಿದ್ರು. ಮತ್ತ ಪುಸ್ತಕ ಓದಿದ್ರು. ಇಷ್ಟ ಮೈಯಾಗ ಅಷ್ಟು ದೊಡ್ಡ ಮಂದೀನ್ನ ಕೆಡವತಾನಂದ್ರ ಇದು ಭಾರತದ ಯಾವುದೋ ಗುಟ್ಟಿನ ವಿದ್ಯಾ ಇರಬೇಕು ಅಂತ ಅವರವ್ರ ಮಾತಾಡ್ಕೊಂಡು ಭಾಳ ಖುಷಿ ಆದ್ರರಿ.”

ಚಂದ್ರಮೋಹನ ಕಣ್ಣು ಮುಚ್ಚಿದ. ಒಂದು ಬಡ ಸೊಳ್ಳೆ ಪಂಡಿತನ ಎಲುಬುಗಳು ತನ್ನ ಅರ್ಧ ಪುಟಕ್ಕಾಗಿ ಮುರಿಯುವುದು ಅವನ ಕಣ್ಣಿಗೆ ಕಟ್ಟಿತು. ಇನ್ನು ತಡ ಮಾಡುವ ಹಾಗಿರಲಿಲ್ಲ. “ನೀವೇನೂ ಹೆದರಬೇಡಿ. ತಪ್ಪು ನಂದು. ಈಗಲೇ ಅವರಿಗೆ ಫೋನ್ ಮಾಡಿ ಎಲ್ಲಾ ನಿಜ ಹೇಳ್ಬಿಡ್ತೀನಿ,” ಎಂದ. ರಾಜಲಕ್ಷ್ಮಿ ಮೆಚ್ಚುಗೆಯಿಂದ ಅವನ ಭುಜದ ಮೇಲೆ ಕೈಯಿಟ್ಟಳು.

“ಅಯ್ಯ, ಬ್ಯಾಡ್ರಿ ಸರ್,” ಎಂದ ವೆಂಕಣ್ಣ ಗಾಬರಿಯಾಗಿ. “ಇಲ್ಲಿ ಹೊತ್ತೊತ್ತಿಗೆ ಊಟ ಅದರಿ. ಮಾಂಸ ಒಲ್ಲೆ ಅಂದ್ರ ಮೊಸರನ್ನ ತರಿಸಿಕೊಟ್ಟಾರ. ನಾ ಆರಾಮ ಅದೀನ್ರಿ. ನನಗೇನ ಆಡು ಅಂದಿಲ್ಲ.”

“ಅಂದಿಲ್ವಾ?”

“ಇಲ್ರಿ. ಈ ವಿದ್ಯಾ ನಿನಗ ಯಾರು ಕಲಿಸಿದ್ರು ಅಂತ ಕೋಚ್ ಕೇಳಿದ್ರು. ನನಗೇನ ಗೊತ್ತ್ರಿ? ಪುಸ್ತಕದ ಮ್ಯಾಲೆ ನಿಮ್ಮ ಹೆಸರಿತ್ತು. ಇವರ ನನ್ನ ಗುರುಗಳು ಅಂದುಬಿಟ್ಟೆ.”

ಹಿಂದಿನ ಬಾಗಿಲು ತೆರೆಯಿತು. ಲಲಿತಮ್ಮ ಬಂದು ಕುಳಿತು, ಸ್ಪೀಕರಿನ ಕಡೆ ಕಿವಿಗೊಟ್ಟರು. “ವೆಂಕಣ್ಣ,” ಎಂದು ರಾಜಲಕ್ಷ್ಮಿ ಪಿಸುಗುಟ್ಟಿದಳು.

“ಹಂಗಾರ ಶಿಷ್ಯಾ ಕುಂಡ್ರಲಿ, ಮೊದಲ ಗುರುಗಳ ಆಡಿ ತೋರಸ್ಲಿ ಅಂದಾರ್ರಿ,” ಎಂದ ವೆಂಕಣ್ಣ. “ಸೋಮವಾರ ಮುಂಜಾನೆ ನೀವು ಬರ್ತೀರಿ ಅಂತ ಒಪ್ಕೊಂಡೀನಿ. ತಂಡದಾಗಿನ ಭಾರಿ ಭಾರಿ ಆಳಗೋಳನ್ನ ನಿಮ್ಮ ಎದುರಿಗೆ ನಿಂದರಸ್ತಾರಂತ. ಫೋಟೋ ತಗಸಾಕ ಮಾರ್ಗರೆಟ್ ಮೇಡಮ್ಮಾರು ಆಸ್ಟಿನ್ನಿಂದ ಬರಾಕತ್ತಾರ, ನಿಮ್ಮ ನಂಬರ ಕೊಟ್ಟವ್ರೂ ಅವ್ರ. ನಿಮ್ಮ ತಲಿ ಅಳತಿ ಎಷ್ಟ್ರಿ ಸರ್? ಹೆಲ್ಮೆಟ್ ತಗದ ಇಡಾಕ ಕೇಳಾಕತ್ತಾರ.”

ಚಂದ್ರಮೋಹನ ಎರಡೂ ಕೈಯಲ್ಲಿ ತನ್ನ ತಲೆ ಹಿಡಿದುಕೊಂಡ.

“ವೆಂಕಣ್ಣಾ, ನಾನಪ್ಪಾ ಲಲಿತಾಂಟಿ, ಪ್ಲೇನೋದಿಂದ,” ಎಂದರು ಲಲಿತಮ್ಮ, ಸೀಟುಗಳ ನಡುವೆ ಮುಂದಕ್ಕೆ ಬಗ್ಗಿ. “ನಮ್ಮ ಚಂದ್ರುಗೆ ಒಂದು ಸೈಜು ದೊಡ್ಡದೇ ತೆಗೆದಿಡು. ಆಮೇಲೆ ತಲೆ ಊದಿಕೊಂಡ್ರೂ ಹಿಡಿಸ್ಬೇಕಲ್ಲ.”